ನರಗುಂದದ ಡಬ್ಬಿ, ಗಜೇಂದ್ರಗಡದ ಮುಚ್ಚಳ

ನಿಮ್ಮ ಮನೆಯಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಅಡುಗೆಮನೆಯಲ್ಲಿ ಡಬ್ಬಿಗೂ ಮುಚ್ಚಳಕ್ಕೂ ತಾಳೆ ಬಿದ್ದ ದಿನವೇ ಇಲ್ಲ. ಮೊನ್ನೆ ಪಂಚಮಿ ಹತ್ತಿರ ಬಂತೆಂದು ಡಬ್ಬಿ ಜೋಡಿಸಿಡುವ ನಾಗೊಂದಿಗೆಯ ಹಲಗೆ ಒರೆಸಲು ಹೋದೆ. ಒರೆಸುವುದು ಅಲ್ಲಿಗೇ ನಿಂತಿತು. ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತು, ಒಂದೊಂದಕ್ಕೂ ಮುಚ್ಚಳ ಹಾಕಿ ನೋಡುವುದೇ ಕೆಲಸವಾಯಿತು. ಒಂದು ಸಡಿಲ, ಇನ್ನೊಂದು ಬಿಗಿ. ಹಾಕಿದರೆ ತೆಗೆಯಲು ಬಾರದ್ದು ಒಂದಾದರೆ, ಎತ್ತಿದರೆ ಕೈಗೆ ಬರೀ ಮುಚ್ಚಳ ಬಂದು ಅವಲಕ್ಕಿಯೆಲ್ಲ ನೆಲದ ಪಾಲಾಗುವಂಥದ್ದು ಮತ್ತೊಂದು. ಕೆಲವು ಡಬ್ಬಿಗಳ ಮೇಲೆ ನಮ್ಮ ಮನೆಯ ಹೆಸರಿದೆ, ಕೆಲವುಗಳ ಮೇಲೆ ಮಂದಿಯದು.

ಮುಚ್ಚಳಗಳು ಎಲ್ಲಿಗೆ ಹೋಗುತ್ತವೆಂದು ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ತಿಳಿದಿಲ್ಲ. ಆದರೆ ಕಾಣೆಯಾದವುಗಳಲ್ಲಿ ಒಂದರ ಸುದ್ದಿ ಮಾತ್ರ ಪಕ್ಕಾ ಗೊತ್ತು, ಯಾಕೆಂದರೆ ಅದನ್ನು ಬಚ್ಚಿಟ್ಟವಳು ನಾನೇ. ಅದನ್ನು ಹೇಳಬೇಕೆಂದರೆ ಮೊದಲು ನಮ್ಮ ಅತ್ತೆಯ ಟ್ರಂಕಿನ ವಿಷಯ ಹೇಳಬೇಕು. ಟ್ರಂಕಿನ ವಿಷಯ ಹೇಳಬೇಕೆಂದರೆ ಖಾಲಿ ಡಬ್ಬಿಯ ವಿಷಯ ಹೇಳಬೇಕು. ನಿಮಗೇನೂ ಅವಸರವಿಲ್ಲವಲ್ಲ?

ನಾನು ಹುಟ್ಟಿ ಬೆಳೆದದ್ದು ರೋಣ ತಾಲೂಕಿನ ಸವಡಿಯಲ್ಲಿ. ಅಲ್ಲಿ ನನ್ನ ಕಾಲುಗಳು ನನ್ನವಾಗಿರಲಿಲ್ಲ, ಇಡೀ ಓಣಿಯವಾಗಿದ್ದವು. ಯಾರ ಮನೆಯಲ್ಲಿ ಏನು ಮಾಡಿದರೂ ಒಂದು ಡಬ್ಬಿ ತುಂಬಿ ನನ್ನ ಕೈಯಲ್ಲಿ ಕೊಡುತ್ತಿದ್ದರು. ಹಬ್ಬದ ಹೋಳಿಗೆ ಇರಲಿ, ಹೊಸ ಉಪ್ಪಿನಕಾಯಿ ಇರಲಿ, ಬಾಣಂತಿಯ ಅಂಟಿನುಂಡಿ ಇರಲಿ, ಹೊತ್ತು ಮುಟ್ಟಿಸುವವಳು ನಾನು. ಮುಟ್ಟಿಸಿದ ಮೇಲೆ ಆ ಡಬ್ಬಿ ಎಂದಾದರೊಂದು ದಿನ ತಿರುಗಿ ಹೋಗಬೇಕು, ಆಗಲೂ ನಾನೇ. ನಮ್ಮವ್ವನದೊಂದು ಕಟ್ಟುನಿಟ್ಟು ಇತ್ತು:

“ಮಂದಿ ಡಬ್ಬಿ ಖಾಲಿ ಹೊಳ್ಳಿ ಕೊಡಬಾರ್ದ ನೋಡವಾ. ಏನೂ ಇಲ್ಲಂದ್ರ ಒಂದ್ ಚಿಟಿಕಿ ಸಕ್ರಿ ಹಾಕು. ಸಕ್ರೀನೂ ಇಲ್ಲಂದ್ರ ನಾಕ ಕಾಳ ಜ್ವಾಳ ಹಾಕು.”

ಒಮ್ಮೆ ಪಕ್ಕದ ಮನೆಯ ಡಬ್ಬಿಗೆ ಹಾಕಿದ್ದ ಸಕ್ಕರೆ ದಾರಿಯಲ್ಲೇ ನನ್ನ ಬಾಯಿಗೆ ಹೋಯಿತು. ಖಾಲಿ ಕೊಡುವಂತಿಲ್ಲ. ಆಡಲೆಂದು ಲಂಗದಲ್ಲಿ ಕಟ್ಟಿಕೊಂಡಿದ್ದ ಹುಣಸೆಬೀಜ ನೆನಪಾಯಿತು, ಹಿಡಿಯಷ್ಟು ಸುರುವಿ ಕೊಟ್ಟು ಬಂದೆ. ಮರುದಿನ ಆ ಮನೆಯವಳು ನಮ್ಮವ್ವನ ಹತ್ತಿರ ಬಂದು, “ಹುಣಸಿಬೀಜ ಕುಟ್ಟಿ ಕುಡೀಬೇಕೇನ್ರಿ, ಹಂಗ ನುಂಗಬೇಕ್ರಿ?” ಎಂದು ಬಹಳ ಭಕ್ತಿಯಿಂದ ಕೇಳಿದಳು. ಆಕೆಗೆ ಮೊಣಕಾಲು ನೋವಿತ್ತಂತೆ. ನಮ್ಮವ್ವ ಔಷಧ ಕಳಿಸಿದ್ದಾಳೆ ಎಂದುಕೊಂಡಿದ್ದಳು.

ಮದುವೆಯಾಗಿ ನರಗುಂದಕ್ಕೆ ಬಂದಾಗ ಅತ್ತೆಯ ಮನೆಯಲ್ಲೂ ಇದೇ ಕಟ್ಟುನಿಟ್ಟು ಕಂಡು ನನಗೆ ಧೈರ್ಯ ಬಂದಿತ್ತು. ಅತ್ತೆಯ ಹೆಸರು ಶಾಂತವ್ವ. ಗುಡ್ಡದ ಬುಡದ ಓಣಿಯಲ್ಲಿ ಎರಡು ಖೋಲಿಯ ಮನೆ. ಪಕ್ಕದ ಮನೆ ಬಳೆಗಾರರ ಹುಸೇನಬಿಯದು. ಅವರಿಬ್ಬರ ನಡುವೆ ಡಬ್ಬಿಗಳು ನಲವತ್ತು ವರ್ಷ ತಿರುಗಾಡಿದ್ದವು. ರಂಜಾನಿಗೆ ಅಲ್ಲಿಂದ ಹಾಲು ಶ್ಯಾವಿಗೆಯ ಸುರಕುಂಬಾ, ಪಂಚಮಿಗೆ ಇಲ್ಲಿಂದ ಉಂಡಿ. ಅತ್ತೆಯ ಡಬ್ಬಿಗಳ ಮೇಲೆಲ್ಲ ಪಾತ್ರೆ ಭಾಂಡೆಯ ಅಂಗಡಿಯವನು ಚುಕ್ಕಿ ಚುಕ್ಕಿ ಹೊಡೆದು ಹಾಕಿದ ಹೆಸರು: ಶಾಂತವ್ವ, ನರಗುಂದ.

ನನಗೆ ಆಗ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಸವಡಿಯವಳಾಗಿ ರೊಟ್ಟಿ ಬರುವುದಿಲ್ಲ ಎಂದರೆ ನಗೆಪಾಟಲಿನ ಮಾತು. ತಿರುಗಿ ತಿರುಗಿ ಓಡಾಡಿ ಡಬ್ಬಿ ಮುಟ್ಟಿಸುವುದರಲ್ಲೇ ನನ್ನ ವಿದ್ಯೆಯೆಲ್ಲ ಮುಗಿದಿತ್ತು. ಮನೆಗೆ ಯಾರಾದರೂ ಬಂದರೆ ಅತ್ತೆ ತಾವು ಬಡಿದ ಅಗಲ ರೊಟ್ಟಿಗಳನ್ನು ಅವರಿಗೆ ನೀಡಿ, “ನಮ್ ಸೊಸಿ ಮಾಡ್ಯಾಳ” ಎನ್ನುತ್ತಿದ್ದರು. ನನ್ನ ಕೈಯಲ್ಲಿ ಹರಿದ ರೊಟ್ಟಿಗಳನ್ನು ಒಲೆಯ ಹಿಂದೆ ಕೂತು ತಾವೇ ತಿನ್ನುತ್ತಿದ್ದರು. ಕೇಳಿದರೆ, “ಹರದದ್ದು ಹಾಲಿನ್ಯಾಗ ಲಗೂ ನೆನೀತೈತಿ” ಎಂಬ ಉತ್ತರ. ಆ ಮಾತನ್ನು ನಾನು ಎಂದೂ ಮರೆತಿಲ್ಲ.

ಮುಂದೆ ನಮ್ಮ ಮನೆಯವರಿಗೆ ಗಜೇಂದ್ರಗಡದ ಗುಡ್ಡದ ಮೇಲಿನ, ಕರೆಂಟು ಮಾಡುವ ಗಾಳಿ ಫ್ಯಾನುಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಾವು ಇಲ್ಲಿನ ಹೊಸ ಬಡಾವಣೆಗೆ ಬಂದೆವು. ಅತ್ತೆ ನರಗುಂದ ಬಿಡಲಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ನಳದ ಹತ್ತಿರ ಜಾರಿ ಬಿದ್ದು ಪಾದದ ಹತ್ತಿರ ಕಾಲು ಮುರಿಯಿತು. ಆಗ ಮಾತ್ರ ಮಗನ ಜೊತೆ ಬಂದರು, ಒಂದು ಟ್ರಂಕು ಸಮೇತ. ಆ ಟ್ರಂಕಿನಲ್ಲಿ ಸೀರೆಗಿಂತ ಡಬ್ಬಿಗಳೇ ಹೆಚ್ಚು. ಅದಕ್ಕೊಂದು ಕೀಲಿ. ಕೀಲಿಕೈ ಅವರ ಟೊಂಕಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಸಂಚಿಯಲ್ಲಿ.

“ಡಬ್ಬಿ ತಗದು ನಾಗೊಂದಿಗಿ ಮ್ಯಾಲೆ ಇಡ್ಲೇನ್ರಿ ಅತ್ತಿ?” ಎಂದು ನಾನು ಕೇಳಿದೆ.

“ಬ್ಯಾಡ ಬಿಡು. ಕಾಲ್ ನೆಟ್ಟಗಾದ ಮ್ಯಾಲೆ ಹೋಗಾಕಿ ನಾನು. ಹೋಗು ಮುಂದ ಮತ್ತ ಯಾರ್ ತುಂಬತಾರ?”

ಕಾಲು ನೆಟ್ಟಗಾಯಿತು. ದವಾಖಾನೆಯವರು ದಿನಾ ನಡೆಯಿರಿ ಅಂದರು. ಅತ್ತೆ ನಡೆಯುವುದರ ಬದಲು ಬಡಾವಣೆಯ ನಾಲ್ಕಾರು ಮನೆಗೆ ಶೇಂಗಾ ಹೋಳಿಗೆ ಕಳಿಸಿದರು. ಈ ಸಲ ಹೊರುವ ಕಾಲು ನಮ್ಮ ಮಗಳು ಪಲ್ಲವಿಯದು. ಆರನೆಯ ಇಯತ್ತೆಯ ಹುಡುಗಿ, ಓದುವುದಕ್ಕಿಂತ ತಿರುಗುವುದರಲ್ಲಿ ಚುರುಕು. ಡಬ್ಬಿಗಳು ತಿರುಗಿ ಬಂದವು. ತಿಕ್ಕಿ, ತೊಳೆದು, ಒರೆಸಿ, ಫಳಫಳ ಹೊಳೆಯುತ್ತ, ಖಾಲಿ. ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೇಟಿಗೆ ತೂಗುಹಾಕಿ ಹೋಗಿದ್ದರು.

ಆ ಜನ ಕೆಟ್ಟವರಲ್ಲ. ಬೇರೆ ಬೇರೆ ಊರುಗಳಿಂದ ನೌಕರಿಗೆ ಬಂದವರು, ತೊಳೆದು ಕೊಡುವುದೇ ಮರ್ಯಾದೆ ಎಂದು ಕಲಿತವರು. ಇದನ್ನು ನಾನು ಅತ್ತೆಗೆ ಹೇಳಿದೆ. ಅವರು ಡಬ್ಬಿಯೊಳಗೆ ಕೈಯಾಡಿಸಿ ನೋಡಿ, “ಹೌದವಾ, ಭಾಳ ಸ್ವಚ್ಛ ತೊಳದಾರ” ಎಂದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಅವತ್ತಿನಿಂದ ನರಗುಂದಕ್ಕೆ ಹೋಗುವ ಮಾತು ದಿನಾ ಬಂತು. ಅಲ್ಲಿ ಒಬ್ಬರೇ ಇರುವುದು, ಮತ್ತೆ ಅದೇ ನಳ, ಅದೇ ಜಾರುವ ಕಲ್ಲು. ನಮ್ಮ ಮನೆಯವರು ಬೈದು ನೋಡಿದರು. ನನಗೆ ಅವರು ಹೋಗುವುದು ಬೇಕಾಗಿರಲಿಲ್ಲ. ಕಾಲಿನ ಚಿಂತೆ ಒಂದು ಕಡೆ ಇರಲಿ, ಮನೆಯಲ್ಲಿ ಅವರು ಬೇಕಾಗಿತ್ತು ನನಗೆ, ಅಷ್ಟೇ. ಆದರೆ ನಮ್ಮ ಕಡೆ ಸೊಸೆಯಾದವಳು ಅತ್ತೆಯ ಮುಂದೆ ನಿಂತು ಇಂಥ ಮಾತು ಹೇಳುವ ರೂಢಿ ಇಲ್ಲ. “ಇರ್ರಿ ಅತ್ತಿ” ಎಂದರೆ ಅದು ಬಂದ ಬೀಗರಿಗೆ ಹೇಳಿದ ಹಾಗೆ ಕೇಳುತ್ತಿತ್ತು. ಮತ್ತೊಂದು ಮಾತು ನನಗೆ ಸಿಗಲಿಲ್ಲ.

ಇಷ್ಟರಲ್ಲಿ ನಮ್ಮ ಮನೆಗೆ ಜಿಯೋಕ್ಯಾಶಿಂಗ್ ಬಂತು. ಹೆದರಬೇಡಿ, ಅದು ರೋಗವಲ್ಲ. ಫ್ಯಾನುಗಳ ತಪಾಸಣೆಗೆ ಪುಣೆಯಿಂದ ಬಂದಿದ್ದ ಎಂಜಿನಿಯರೊಬ್ಬರಿಗೆ ಅದರ ಹುಚ್ಚು. ಹೋದ ಹೋದ ಊರಿನ ಪಾರ್ಕಿನಲ್ಲಿ ಒಂದೊಂದು ಸಣ್ಣ ಡಬ್ಬಿ ಬಚ್ಚಿಟ್ಟು, ಅದು ಭೂಮಿಯ ಮೇಲೆ ಎಲ್ಲಿದೆ ಎಂಬ ಗುರುತನ್ನು ಮೊಬೈಲಿನಲ್ಲಿ ಹಾಕುತ್ತಾರೆ. ಬೇರೆಯವರು ಮೊಬೈಲ್ ಹಿಡಿದು ಅದನ್ನು ಹುಡುಕಬೇಕು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು, ಒಂದು ಸಾಮಾನು ತೆಗೆದುಕೊಂಡರೆ ಇನ್ನೊಂದು ಇಡಬೇಕು, ಮತ್ತೆ ಇದ್ದಲ್ಲೇ ಮುಚ್ಚಿಡಬೇಕು. ಎಲ್ಲ ಗುಟ್ಟಾಗಿ ನಡೆಯಬೇಕು. ಗಜೇಂದ್ರಗಡ, ರೋಣ ಎರಡೂ ಕಡೆ ಒಂದೊಂದು ಇಟ್ಟಿದ್ದರಂತೆ. ಇಡೀ ಸಂಸಾರ ಕೂಡಿ ಆಡಬಹುದಾದ ಆಟ ಎಂದು ನಮ್ಮ ಮನೆಯವರಿಗೆ ಹೇಳಿಕೊಟ್ಟು ಹೋದರು.

ಪಲ್ಲವಿ ಕುಣಿದಳು. ನನಗೆ ನಮ್ಮಜ್ಜನ ಕಾಲದ ಹಗೇವು ನೆನಪಾಯಿತು. ಮನೆಯ ಮುಂದೆ ನೆಲದಲ್ಲಿ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದು ಬಿಡುತ್ತಿದ್ದರು. ಅದೂ ಗುಟ್ಟೇ. ಆದರೆ ಯಾರ ಹಗೇವು ಎಲ್ಲಿದೆ ಎಂದು ಊರಿನ ಕೂಸಿಗೂ ಗೊತ್ತಿರುತ್ತಿತ್ತು. ನಮ್ಮ ಊರುಗಳ ಗುಟ್ಟು ಅಂದರೆ ಇಷ್ಟೇ. ಈ ಆಟ ಇಲ್ಲಿ ಹೇಗೆ ನಡೆಯುತ್ತದೋ ಎಂದು ನನಗೆ ಆಗಲೇ ಅನುಮಾನವಿತ್ತು.

ಆದಿತ್ಯವಾರ ಸಂಜೆ ಅತ್ತೆಯನ್ನೂ ಕರೆದುಕೊಂಡು ಪಾರ್ಕಿಗೆ ಹೋದೆವು. ಪಾರ್ಕೆಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಸೊಂಡಿಲ ತುದಿ ಮುರಿದ ಒಂದು ಸಿಮೆಂಟಿನ ಆನೆ, ಮಕ್ಕಳ ಎರಡು ಜೋಕಾಲಿ, ಹೆಂಗಸರು ಕೂತು ಮಾತಾಡಲು ಬಳಸುವ ವ್ಯಾಯಾಮದ ಕಬ್ಬಿಣದ ಯಂತ್ರಗಳು, ಹೊಂಗೆ ಮರಗಳು, ಕಲ್ಲಿನ ಕಟ್ಟೆ ಕಟ್ಟಿದ ಒಂದು ಬೇವಿನ ಮರ. ಮೇಲೆ ಗುಡ್ಡದ ಸಾಲಿನಲ್ಲಿ ಫ್ಯಾನುಗಳು ತಿರುಗುತ್ತಿರುತ್ತವೆ. ನಮ್ಮ ಮನೆಯವರು ಮೊಬೈಲನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಹೊರಟರು. ಅದರ ಬಾಣದ ಗುರುತು ಅವರನ್ನು ಆನೆಯ ಸುತ್ತ ತಿರುಗಿಸತೊಡಗಿತು. ಅವರ ಹಿಂದೆ ಪಲ್ಲವಿ, ಅವಳ ಹಿಂದೆ ನಾನು. ನೋಡಿದವರಿಗೆ ಆನೆಗೆ ಹರಕೆ ಹೊತ್ತವರಂತೆ ಕಂಡಿರಬೇಕು.

“ಏನ್ ಕಳಕೊಂಡ್ರಿ ಸರ?” ಎಂದರು ಒಬ್ಬರು.

“ಏನಿಲ್ರಿ” ಎಂದರು ಇವರು, ಗುಟ್ಟಿನ ನಿಯಮ ನೆನೆದು.

ಏನೂ ಕಳೆದುಕೊಳ್ಳದೆ ನೆಲ ನೋಡುತ್ತ ತಿರುಗುವ ಮನುಷ್ಯನನ್ನು ನಮ್ಮ ಊರು ನಂಬುವುದಿಲ್ಲ. ಹೇಳಲಾಗದಂಥ ಬೆಲೆಯುಳ್ಳದ್ದೇ ಹೋಗಿರಬೇಕೆಂದು ಅವರೂ ನೆಲ ನೋಡತೊಡಗಿದರು. ಅವರನ್ನು ನೋಡಿ ಮತ್ತಿಬ್ಬರು ಬಂದರು. ಯಾರೋ “ಝುಮಕಿ ಅಂತ” ಎಂದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಪಾರ್ಕು ನನ್ನ ಝುಮಕಿ ಹುಡುಕುತ್ತಿತ್ತು. ಒಬ್ಬಾಕೆ ವ್ಯಾಯಾಮದ ಯಂತ್ರದಿಂದ ಇಳಿದು ಬಂದು ನನ್ನ ಎರಡೂ ಕಿವಿ ನೋಡಿದಳು. ಎರಡರಲ್ಲೂ ಝುಮಕಿ ಇದ್ದವು. “ಮತ್ತ ಮೂಗಬೊಟ್ಟೇನ್ರಿ?” ಎಂದು ಮರುಕದಿಂದ ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಕತ್ತಲಾಗುವ ತನಕ ಹುಡುಕಿ, “ನಾಳೆ ಬೆಳಕಿನ್ಯಾಗ ಸಿಗತೈತಿ, ಚಿಂತಿ ಮಾಡಬ್ಯಾಡ್ರಿ” ಎಂದು ಧೈರ್ಯ ಹೇಳಿ ಎಲ್ಲರೂ ಹೋದರು.

ಅತ್ತೆ ಅಷ್ಟೊತ್ತೂ ಬೇವಿನ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಏಳುವಾಗ ಅವರ ಒಂದು ಚಪ್ಪಲಿ ಜಾರಿ ಕಟ್ಟೆಯ ಕಲ್ಲಿನ ಸಂದಿಯೊಳಗೆ ಹೋಯಿತು. ಪಲ್ಲವಿ ಕೈ ಹಾಕಿ ಎಳೆದಳು. ಚಪ್ಪಲಿಯ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿಯೂ ಬಂತು.

ಒಳಗೆ ಒಂದು ಗೋಲಿ, ಒಂದು ಸಣ್ಣ ಕಾರು, ಚೀಟಿ, ಪೆನ್ಸಿಲ್ ತುಂಡು. ಪಲ್ಲವಿ ಗೋಲಿ ತೆಗೆದುಕೊಂಡು ತನ್ನ ಕೂದಲಿನ ಕ್ಲಿಪ್ಪು ಇಟ್ಟಳು. ಅತ್ತೆ ಸಂಚಿ ಬಿಚ್ಚಿ ಎರಡು ಅಡಿಕೆ ಹೋಳು ತೆಗೆದರು.

“ಅವ್ವಾ, ತಿನ್ನೂವಂಥಾದ್ದು ಏನೂ ಇಡೂಹಂಗಿಲ್ಲ. ಇರುವಿ ಬರ್ತಾವ. ಆಟದ ನಿಯಮ ಐತಿ” ಎಂದರು ನಮ್ಮ ಮನೆಯವರು.

“ಯಾರೋ ಪುಣ್ಯಾತ್ಮರು ಡಬ್ಬಿ ಇಟ್ಟಾರ, ಗೋಲಿ ಕೊಟ್ಟಾರ. ಕ್ಲಿಪ್ ಯಾವ ಲೆಕ್ಕದಾಗ ಬಂತೋ? ಬಾಯಿಗಿ ಏನರ ಬ್ಯಾಡೇನು?” ಎಂದರು ಅತ್ತೆ. ಆದರೂ ಮಗನ ಮಾತಿಗೆ ಅಡಿಕೆ ಸಂಚಿಗೆ ಹಾಕಿಕೊಂಡರು. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನಾನಾದರೂ ಅನುಮಾನ ಪಡಬೇಕಿತ್ತು.

ಮರುದಿನದಿಂದ ಅತ್ತೆ ಚಹಾ ಕುಡಿದವರೇ, “ದವಾಖಾನಿಯವ್ರು ನಡೀರಿ ಅಂದಾರ” ಎಂದು ಪಾರ್ಕಿನ ಕಡೆ ಹೊರಡತೊಡಗಿದರು. ನನಗೆ ಖುಷಿ. ಮನೆಯ ಡಬ್ಬಿಯಲ್ಲಿದ್ದ ಶೇಂಗಾ ಉಂಡಿ ಒಂದೆರಡು ಕಡಿಮೆಯಾದದ್ದು ನನ್ನ ಗಮನಕ್ಕೆ ಬರಲಿಲ್ಲ. ಮುಂದಿನ ಆದಿತ್ಯವಾರ ಪಲ್ಲವಿ ಪಾರ್ಕಿನಿಂದ ಓಡುತ್ತ ಬಂದಳು.

“ಮಮ್ಮೀ, ಡಬ್ಬಿಯೊಳಗ ಕಾರ್ ಇಲ್ಲ, ಕ್ಲಿಪ್ ಇಲ್ಲ. ಬರೇ ಬಾರೀಹಣ್ಣು ತುಂಬ್ಯಾವ!”

ಅತ್ತೆ ಹೊಸ್ತಿಲಲ್ಲಿ ಕೂತು ಮೆಂತ್ಯ ಸೋಸುತ್ತಿದ್ದವರು ಕೈ ನಿಲ್ಲಿಸಿದರು. “ಬಾರೀಹಣ್ಣೇನು?” ಎಂದರು. “ಹೊಳ್ಳಿ ಬಂತೇನು?”

ಆಮೇಲೆ ಎಲ್ಲ ಹೊರಬಿತ್ತು. ಅತ್ತೆ ಹಿಂದಿನ ದಿನ ಎರಡು ಉಂಡಿ ಕಾಗದದಲ್ಲಿ ಕಟ್ಟಿ ಇಟ್ಟು ಬಂದಿದ್ದರು. ಆಟದ ಸಾಮಾನನ್ನು ಯಾವ ಮಕ್ಕಳು ಒಯ್ದರೋ, ಉಂಡಿ ತಿಂದವರು ಮಾತ್ರ ಬೋರೆಹಣ್ಣು ಇಟ್ಟಿದ್ದರು. ಗಜೇಂದ್ರಗಡಕ್ಕೆ ಬಂದ ಮೇಲೆ ಅತ್ತೆಗೆ ಮೊದಲ ಸಲ ಡಬ್ಬಿ ತುಂಬಿ ಬಂದಿತ್ತು. ಅವರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಬೀಜವನ್ನು ಬಹಳ ಹೊತ್ತು ಉಗುಳದೆ ಕೂತಿದ್ದರು.

ಆಮೇಲೆ ಆಟದ ನಿಯಮ ಯಾರಿಗೆ ಬೇಕು? ಇಲ್ಲಿಂದ ಗುರೆಳ್ಳು ಚಟ್ನಿ ಹೋದರೆ ಅಲ್ಲಿಂದ ಸುಟ್ಟ ಹಸಿಕಡಲೆ ಸುಲಗಾಯಿ ಬಂತು. ಇಲ್ಲಿಂದ ಗೋಧಿ ಬೆಲ್ಲದ ಮಾದ್ಲಿ ಹೋದರೆ ಅಲ್ಲಿಂದ ಖಾರದ ಅವಲಕ್ಕಿ. ಯಾರು ಇಡುತ್ತಾರೆ ಎಂಬುದು ಮಾತ್ರ ತಿಳಿಯಲಿಲ್ಲ. ಅತ್ತೆ ಹೋಗುವುದು ಬಿಸಿಲೇರಿದ ಮೇಲೆ, ಆ ಇನ್ನೊಬ್ಬರು ಬಂದು ಹೋಗುವುದು ಯಾವಾಗಲೋ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಒಂದಿನ ಸಿಕ್ಕಾಳ ಬಿಡು” ಎನ್ನುತ್ತಿದ್ದರು ಅತ್ತೆ. ನಮ್ಮ ಮನೆಯವರು ನಾಚಿಕೆಯಿಂದ ಪುಣೆಯ ಎಂಜಿನಿಯರಿಗೆ ಫೋನ್ ಮಾಡಿ, ನಿಮ್ಮ ಡಬ್ಬಿ ಹೀಗಾಗಿದೆ ಎಂದು ಹೇಳಿಕೊಂಡರು. ಆತ ಬಹಳ ಹೊತ್ತು ನಕ್ಕು, ಇರಲಿ ಬಿಡಿ ಅಂದರಂತೆ.

ಆದರೆ ನಿಯಮ ಮಾಡಿದವರು ಸುಮ್ಮನೆ ಮಾಡಿರುವುದಿಲ್ಲ. ಮೊದಲು ಇರುವೆ ಬಂದವು, ಆಮೇಲೆ ಅಳಿಲುಗಳು ಪ್ಲಾಸ್ಟಿಕ್ ಡಬ್ಬಿಯ ಮೂಲೆ ಕಡಿದು ತೂತು ಮಾಡಿದವು. ಅವತ್ತು ಅತ್ತೆ ಸಂಚಿಯಿಂದ ಕೀಲಿಕೈ ತೆಗೆದು ಟ್ರಂಕು ತೆರೆದರು. ಒಂದು ಸ್ಟೀಲ್ ಡಬ್ಬಿ ಆರಿಸಿ, ಉಂಡಿ ತುಂಬಿ, ಟ್ರಂಕಿಗೆ ಮತ್ತೆ ಕೀಲಿ ಹಾಕಿದರು. ಸ್ಟೀಲ್ ಡಬ್ಬಿಯನ್ನು ಬಯಲಲ್ಲಿ ಇಡುವುದು ಬೇಡವೆಂದು ನನ್ನ ಬಾಯಿಗೆ ಬಂದಿತ್ತು, ಆದರೆ ಅವರ ಹುರುಪು ನೋಡಿ ನುಂಗಿಕೊಂಡೆ. ಹಾಗೆ ‘ಶಾಂತವ್ವ, ನರಗುಂದ’ ಬೇವಿನ ಕಟ್ಟೆಯ ಸಂದಿಗೆ ಹೋಯಿತು.

ಮರುದಿನ ಅದು ಅಲ್ಲಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಒಂದು ವಾರ ಅತ್ತೆ ದಿನಾ ಹೋಗಿ ಸಂದಿಯಲ್ಲಿ ಕೈ ಹಾಕಿ ಬಂದರು. ಆಮೇಲೆ ಹೋಗುವುದನ್ನೇ ಬಿಟ್ಟರು. ಹೋದ ಡಬ್ಬಿಯ ಬೆಲೆ ಅವರಿಗೆ ದೊಡ್ಡದಲ್ಲ. ಯಾರೋ ಇದ್ದಾರೆ ಎಂದು ನಂಬಿದ್ದರಲ್ಲ, ಆ ಯಾರೋ ಕಳ್ಳರಾಗಿದ್ದು ಅವರಿಗೆ ನುಂಗಲಾಗಲಿಲ್ಲ.

ಅವರ ಮನಸ್ಸು ಹಗುರಾಗಲೆಂದು ರೋಣಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಪಾರ್ಕಿನಲ್ಲಿ ಎಂಜಿನಿಯರರ ಇನ್ನೊಂದು ಡಬ್ಬಿ ಇತ್ತಲ್ಲ, ಅದನ್ನು ಹುಡುಕುವ ನೆಪ. ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಪಲ್ಲವಿ ಪ್ರತಿ ಕಲ್ಲನ್ನೂ ಎತ್ತಿ ನೋಡುತ್ತಿದ್ದಳು. ಅತ್ತೆ ಕಲ್ಲುಬೆಂಚಿನ ಮೇಲೆ ಕೂತು ಅವಳನ್ನೇ ನೋಡುತ್ತ ನನಗೆ ಮೆತ್ತಗೆ ಹೇಳಿದರು:

“ನಂದು ಹೋದದ್ದು ಗಜೇಂದ್ರಗಡದಾಗ. ಇಲ್ಲಿ ಹುಡುಕಿದ್ರ ಹ್ಯಾಂಗ ಸಿಗತೈತೆವಾ?”

ನಾನು ರೊಟ್ಟಿಗೆ ಚಟ್ನಿ ಹಚ್ಚಿ ಅವರ ಕೈಯಲ್ಲಿಟ್ಟೆ. ಮನೆಗೆ ಬರುವಾಗ ಬಸ್ಸಿನಲ್ಲಿ ಅವರು ಮಗನಿಗೆ ಹೇಳಿದರು: “ಬರೂ ಸೋಮವಾರ ನರಗುಂದದ ಬಸ್ಸಿಗೆ ಹತ್ತಸಪಾ ನನ್ನ. ನನ್ನ ಕಾಲ್ ಈಗ ಚಲೋ ಐತಿ.” ಈ ಸಲದ ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಶನಿವಾರ ಸಂಜೆ ಗೇಟಿನ ಸದ್ದಾಯಿತು. ತಲೆ ತುಂಬ ಸೆರಗು ಹೊದ್ದ, ಅತ್ತೆಗಿಂತ ಸ್ವಲ್ಪ ಸಣ್ಣ ವಯಸ್ಸಿನ ಒಬ್ಬಾಕೆ ನಿಂತಿದ್ದಳು. ಎರಡು ಕೈಯಲ್ಲಿ ಎರಡು ಡಬ್ಬಿ.

“ನರಗುಂದದ ಶಾಂತವ್ವಾರ ಮನಿ ಇದೇನ್ರಿ?”

ಆಕೆ ಮಾಬೂಬಿ. ನಮ್ಮ ಮನೆಯ ಹಿಂದಿನ ಸಾಲು ದಾಟಿದರೆ ಅವಳ ಮನೆ, ಗಂಡನದು ಗಾದಿ ಹೊಲಿಯುವ ಅಂಗಡಿ. ಸಕ್ಕರೆ ಕಾಯಿಲೆ ಇದ್ದುದರಿಂದ ನಸುಕಿನ ನಮಾಜು ಮುಗಿಸಿ ಪಾರ್ಕಿನಲ್ಲಿ ತಿರುಗುತ್ತಾಳೆ. ಸುಸ್ತಾದರೆ ಬೇವಿನ ಕಟ್ಟೆಯ ಮೇಲೆ ಕೂಡುತ್ತಾಳೆ. ಒಂದು ದಿನ ಸಂದಿಯಲ್ಲಿ ಉಂಡಿ ಸಿಕ್ಕಿದ್ದವು.

“ಸಕ್ರಿ ಬ್ಯಾನಿ ಐತಿ ಅಂತ ಮನ್ಯಾಗ ಯಾರೂ ಉಂಡಿ ಮುಟ್ಟಗೊಡೂದಿಲ್ರಿ ಅಕ್ಕಾರ” ಎಂದಳು ಮಾಬೂಬಿ, ಅತ್ತೆಯ ಪಕ್ಕದಲ್ಲಿ ಕೂತು. “ಅಲ್ಲಾನ ಇಟ್ಟಾನ ಅಂತ ಒಂದ್ ತಿಂದೆ. ತಿಂದ ಮ್ಯಾಲೆ ಡಬ್ಬಿ ಖಾಲಿ ಹ್ಯಾಂಗ ಇಡೂದ್ರಿ? ಬಾರೀಹಣ್ಣು ಇಟ್ಟೆ.”

“ಸ್ಟೀಲಿನ ಡಬ್ಬಿ ನೀ ಒಯ್ದೇನವಾ?” ಎಂದರು ಅತ್ತೆ.

“ನಾನಽ ಒಯ್ದೇನ್ರಿ. ಹೆಸರ್ ಹಾಕಿಸಿದ ಡಬ್ಬಿ ಯಾರರ ಬಿಟ್ ಹೊಕ್ಕಾರೇನ್ರಿ? ನರಗುಂದದಾಕಿ ಯಾರೋ ಮರತು ಊರಿಗೆ ಹೋಗ್ಯಾಳ, ಪಾಪ, ಹುಡಕ್ಯಾಡತಿರಬೇಕು ಅಂದೆ. ನಮ್ ಅಣ್ಣನ ಮಗಳ ಲಗ್ನ ನರಗುಂದದಾಗ ಇತ್ತು, ಅಲ್ಲಿಗೇ ಒಯ್ದೆ. ಓಣಿ ಓಣಿ ಕೇಳಿದೆ. ಕಡೀಕ ಹುಸೇನಬಿ ಅಂತ ಒಬ್ಬಾಕಿ ಡಬ್ಬಿ ನೋಡಿ ಎದಿಗಿ ಒತ್ತಿಕೊಂಡ್ಲು. ಶಾಂತವ್ವ ಗಜೇಂದ್ರಗಡದಾಗ ಮಗನ ಮನ್ಯಾಗ ಇದ್ದಾಳ ಅಂತ ಗುರುತು ಹೇಳಿದ್ಲು. ಕೇಳಿದ್ರ, ನಮ್ ಮನಿ ಹಿಂದ!”

“ಬಗಲಾಗ ಕೂಸ ಇಟಗೊಂ‌ಡು ಊರೆಲ್ಲಾ ಹುಡುಕಿದಂಗ ಆತಲ್ಲವಾ ತಂಗೀ” ಎಂದು ಅತ್ತೆ ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಉಂಡಿ ತುಂಬಿ ಹೋಗಿದ್ದ ಡಬ್ಬಿಯಲ್ಲಿ ಹುಸೇನಬಿ ಶಂಕರಪೋಳಿ ತುಂಬಿ ಕಳಿಸಿದ್ದಳು. ಜೊತೆಗೊಂದು ಮಾತು: “ನಲವತ್ ವರ್ಷ ನನಗ ಕೊಟ್ಟಿ. ಈಗ ಆ ಡಬ್ಬಿ ಅಲ್ಲೇ ಅಡ್ಯಾಡ್ಲಿ ಅಂತ ಹೇಳು.” ಮಾಬೂಬಿ ಎರಡನೆಯ ಡಬ್ಬಿಯನ್ನು ಅತ್ತೆಯ ಮುಂದೆ ಸರಿಸಿದಳು. ಅದು ಅವಳ ಸ್ವಂತದ್ದು, ತುಂಬ ಚುರುಮರಿಯ ಚೂಡಾ.

ಹುಸೇನಬಿಯ ಮಾತು ಕೇಳಿ ಅತ್ತೆ ಇನ್ನು ಹೋಗುವುದಿಲ್ಲ ಎಂದು ನಾನು ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಅವರು ಅಂದರು: “ನಾಳೆ ಮಾಬೂಬಿ ಡಬ್ಬಿ ತುಂಬಿ ಕೊಟ್ಟು ಬಂದಬಿಡತೇನಿ. ಸೋಮವಾರ ಹೋಗೂದು ಐತೆಲ್ಲ.”

ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ನನಗೆ ನಿದ್ದೆ ಸರಿಯಾಗಲಿಲ್ಲ. ಬೆಳಿಗ್ಗೆ ಎದ್ದಾಗ ಮಾಬೂಬಿಯ ಡಬ್ಬಿ ತೊಳೆದು ಬೋರಲು ಹಾಕಿತ್ತು, ಪಕ್ಕದಲ್ಲಿ ಮುಚ್ಚಳ. ಮೂಲೆಯಲ್ಲಿ ಜೋಳದ ಡ್ರಮ್ ಇತ್ತು. ಯೋಚನೆ ಮಾಡಿದ್ದರೆ ನಾನು ಈ ಕೆಲಸ ಮಾಡುತ್ತಿರಲಿಲ್ಲ. ಮುಚ್ಚಳ ತೆಗೆದುಕೊಂಡು, ಡ್ರಮ್ಮಿನಲ್ಲಿ ಮೊಣಕೈ ತನಕ ಕೈ ಇಳಿಸಿ, ಜೋಳದಲ್ಲಿ ಹುಗಿದು, ಮೇಲೆ ಸಮ ಮಾಡಿ ಬಂದೆ.

ಅತ್ತೆ ಮಾದ್ಲಿ ಮಾಡಿದರು, ಡಬ್ಬಿಗೆ ತುಂಬಿದರು, ಮುಚ್ಚಳ ಹುಡುಕಿದರು. ನಾನೂ ಹುಡುಕಿದೆ. ಪಲ್ಲವಿಯಂತೂ ಮೊಬೈಲ್ ತರಲೇನು ಎಂದಳು. ನಾಗೊಂದಿಗೆಯ ಮುಚ್ಚಳಗಳನ್ನೆಲ್ಲ ಹಾಕಿ ನೋಡಿದೆವು, ಒಂದೂ ಕೂಡಲಿಲ್ಲ.

“ಮುಚ್ಚಳಿಲ್ಲದ ಡಬ್ಬಿ ಮಂದಿಗೆ ಕೊಡಾಕ ಬರ್ತೈತೇನು?” ಎಂದು ಅತ್ತೆ ಡಬ್ಬಿಯನ್ನು ಬದಿಗೆ ಸರಿಸಿದರು. ಒಮ್ಮೆ ನನ್ನ ಕಡೆ ನೋಡಿದರು. ನಾನು ಒಲೆ ಒರೆಸುತ್ತಿದ್ದೆ, ಆಗಲೇ ಒರೆಸಿದ್ದ ಒಲೆಯನ್ನು. ಸೋಮವಾರ ಮಗ ಬಸ್ಸಿನ ಮಾತು ಎತ್ತಿದಾಗ, “ಮಂದಿ ಡಬ್ಬಿ ಮನ್ಯಾಗ ಇಟಗೊಂಡು ಊರ್ ಬಿಟ್ಟು ಹ್ಯಾಂಗ ಹೋಗ್ಲೋ?” ಎಂದರು. ನರಗುಂದದ ಬಸ್ಸು ಅವರಿಲ್ಲದೆ ಹೋಯಿತು.

ಮಂಗಳವಾರ ಬೆಳಿಗ್ಗೆ ಅತ್ತೆ ಮನೆಯಲ್ಲಿರಲಿಲ್ಲ. ಮಾಬೂಬಿಯ ಡಬ್ಬಿಯೂ ಇರಲಿಲ್ಲ. ಡ್ರಮ್ಮಿನ ಹತ್ತಿರ ಹೋಗಿ ಕೈ ಇಳಿಸಿದೆ. ಹುಗಿದಲ್ಲಿ ಮುಚ್ಚಳ ಇಲ್ಲ. ಅತ್ತ ಇತ್ತ ಕೈಯಾಡಿಸಿದೆ. ಕಾಳಿನ ನಡುವೆ ಬೆರಳಿಗೆ ತಣ್ಣಗೆ ಏನೋ ತಾಗಿತು. ಹೊರಗೆ ತೆಗೆದು ನೋಡಿದರೆ ಕೀಲಿಕೈ. ಟ್ರಂಕಿನದು.

ಒಂದು ತೆಗೆದುಕೊಂಡರೆ ಇನ್ನೊಂದು ಇಡಬೇಕು. ಅತ್ತೆ ಆಟದ ನಿಯಮವನ್ನು ಸರಿಯಾಗಿಯೇ ಕಲಿತಿದ್ದರು.

ಡ್ರಮ್ಮಿಗೆ ಆತು ನಿಂತು ನಾನು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಟ್ರಂಕು ತೆರೆದೆ. ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಒರೆಸಿ ನಾಗೊಂದಿಗೆಯ ಮೇಲೆ ಸಾಲಾಗಿ ಇಡತೊಡಗಿದೆ. ಅರ್ಧ ಇಟ್ಟಿರಬಹುದು, ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಮಾಬೂಬಿ ಇನ್ನೊಂದು ಡಬ್ಬಿ ತುಂಬಿ ಕೈಗೆ ಕೊಟ್ಟಿದ್ದಳು. ಅದನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು, ನಾಗೊಂದಿಗೆಯ ಕಡೆ ಸ್ವಲ್ಪ ಹೊತ್ತು ನೋಡಿದರು.

“ಹೆಸರು ಹೊರಗ ಕಾಣೂಹಂಗ ಇಡವಾ” ಎಂದರು.